ನೀರುಗಂಟಿ ಬೋರಲಿಂಗ ಮಣಿ ಗಳಿಸಿದ್ದು

ಹೂಂಗುಟ್ಟೋರು ಯಾರಾದರೂ ಒಬ್ಬರು ಮುಂದೆ ಬಂದು ಕೂತ್ಕೊಳ್ಳಿ. ಹೂಂ ಅನ್ನೋರಿಲ್ಲದಿದ್ದರೆ ನಾನು ಗೋಡೆಗೆ ಕತೆ ಹೇಳಬೇಕಾಗುತ್ತೆ.

ಒಂದು ಕೊಪ್ಪಲು. ಆ ಕೊಪ್ಪಲಲ್ಲಿ ಒಬ್ಬಳು ಕೆಂಪಾಜಮ್ಮ. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ಒಬ್ಬನೇ ಆದದ್ದು ಊರಿನ ಪುಣ್ಯ. ಅಂಥವನು ಇನ್ನೊಬ್ಬ ಇದ್ದಿದ್ದರೆ ಊರಿಗೆ ಊರೇ ಗುಳೆ ಹೋಗಬೇಕಿತ್ತು. ಬಾಗಿಲು ನೋಡಿಕೋ ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ನಿಲ್ಲೋನು. ಹಿತ್ತಿಲಿಂದ ಕಳ್ಳ ಬಂದು ಕೋಳಿ ಹಿಡಿದುಕೊಂಡು ಹೋದರೂ ಕತ್ತು ತಿರುಗಿಸೋನಲ್ಲ.

ಅವನಪ್ಪ ಊರಿನ ನೀರುಗಂಟಿ. ಬೆಳಿಗ್ಗೆ ಟ್ಯಾಂಕಿನ ಹತ್ತಿರ ಹೋಗಿ ಕಬ್ಬಿಣದ ಕೀ ಹಾಕಿ ವಾಲ್ವು ತಿರುಗಿಸಿದರೆ ಬೀದಿ ನಲ್ಲಿಗೆಲ್ಲ ನೀರು. ಇಷ್ಟೇ ಕೆಲಸ, ಎಮ್ಮೆಗೆ ಕೈ ಇದ್ದಿದ್ದರೆ ಎಮ್ಮೆಯೂ ಮಾಡುತ್ತಿತ್ತು. ಅಪ್ಪ ಸತ್ತ ಮೇಲೆ ಪಂಚಾಯ್ತಿ ಅಧ್ಯಕ್ಷೆ ಜಯಶೀಲಮ್ಮ ಆ ಕೀಯನ್ನು ಮಗನ ಕೈಗೆ ಕೊಟ್ಟರು.

"ಯುಗಾದಿ ತನಕ ನೋಡ್ತೀವಿ ಕೆಂಪಾಜಮ್ಮ. ನೆಟ್ಟಗೆ ಮಾಡಿದ್ರೆ ಕೆಲ್ಸ ಅವನದೇ. ಇಲ್ದಿದ್ರೆ ಬೇರೆಯವ್ರಿಗೆ ಕೊಡ್ತೀವಿ."

ಕೆಂಪಾಜಮ್ಮನಿಗೆ ಮಂಡಿ ಹಿಡಿದುಕೊಂಡು ಕಳೆ ಕೀಳೋದು ನಿಂತು ಹೋಗಿತ್ತು. ಈ ಕೆಲಸ ತಪ್ಪಿದರೆ ಮನೆಯ ಒಲೆ ಹತ್ತುವಂತಿರಲಿಲ್ಲ. ಮಗನ ಗಲ್ಲ ಹಿಡಿದು, "ಬೋರ, ನೀನಾಗಿ ಏನೂ ಯೋಚ್ನೆ ಮಾಡ್ಬ್ಯಾಡ ಕಣ್ಲಾ. ದೊಡ್ಡೋರು ಏನು ಹೇಳ್ತಾರೋ ಹಂಗೇ ಮಾಡು" ಅಂದಳು. ಅದೇ ತಪ್ಪಾಯಿತು ನೋಡಿ.

ಯಾಕೆಂದರೆ ಅದೇ ಹೊತ್ತಿಗೆ ಊರಿಗೊಬ್ಬ ದೊಡ್ಡೋನು ಬಂದಿದ್ದ. ಹೆಸರು ಯೋಗೀಶ. ಪಟ್ಟಣದಲ್ಲಿ ಅದೆಂಥದೋ ತರಬೇತಿ ಮುಗಿಸಿ, ಎದೆ ಮೇಲೆ ಇಂಗ್ಲಿಷ್ ಬರೆದ ಅಂಗಿ ತೊಟ್ಟು ಬಂದಿದ್ದ. ಹುಟ್ಟಿದಾಗಿನಿಂದ ಗುದ್ದಲಿ ಮುಟ್ಟಿದ ಕೈ ಅಲ್ಲ ಅದು. ಆದರೆ ದುಡಿಮೆ ಮೇಲೆ ಭಾಷಣ ಮಾಡು ಅಂದರೆ ಉಸಿರು ಬಿಡದೆ ಮಾಡೋನು.

"ಬೋರ, ಇದರ ಹೆಸರು ಮಣಿಸರ! ಫೋನಿನೊಳಗಿರೋ ಬ್ಲಾಕ್‌ಚೈನು! ಕೆಲಸಕ್ಕೆ ಮುಂಚೆ ಒಂದು ಫೋಟೊ, ಆಮೇಲೆ ಒಂದು ಫೋಟೊ. ಮೂರು ಜನ ‘ಹೌದು’ ಅಂತ ಒತ್ತಿದರೆ ನಿನ್ನ ಸರಕ್ಕೆ ಒಂದು ಮಣಿ. ಪೋಣಿಸಿದ ಮಣೀನ ಬ್ರಹ್ಮ ಬಂದರೂ ಬಿಚ್ಚೋಕಾಗಲ್ಲ! ಇನ್ಮೇಲೆ ಮಾರ್ಕ್ಸ್ ಕಾರ್ಡು ಯಾರೂ ಕೇಳಲ್ಲ. ಮಣಿ ನೋಡಿ ಕರೆದು ಕೆಲಸ ಕೊಡ್ತಾರೆ!"

"ನಾನು ದಿನಾ ನೀರು ಬುಡ್ತೀನಲ್ಲ ಯೋಗೀಶಣ್ಣ, ಅದ್ಕೆ?"

"ಯಾರು ನೋಡಿದ್ರು? ಯಾರೂ ನೋಡದ ಕೆಲಸ ಕೆಲಸಾನೇ ಅಲ್ಲ. ಮೂರು ಜನ ನೋಡದೆ ಕೈ ಹಾಕಬೇಡ!"

"ಹೂಂ ಕಣಣ್ಣ" ಅಂದ ಬೋರ. ಯೋಗೀಶ ಅವನ ಫೋನಿಗೆ ಮಣಿಸರ ಹಾಕಿಕೊಟ್ಟ.

ಮಾರನೆ ಬೆಳಿಗ್ಗೆ ವಾಲ್ವಿನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತ. ನಲ್ಲಿ ಒಣಗಿತ್ತು. ಬಿಂದಿಗೆ ಹಿಡಿದ ಹೆಂಗಸರು ಬಂದರು.

"ನೀರೆಲ್ಲಿ ಬೋರ?"

"ಮೂರು ಜನ ‘ಹೌದು’ ಅನ್ನಿ!"

"ಹೌದು ಕಣಪ್ಪ, ಬುಡು!"

"ಬಾಯಲ್ಲಲ್ಲ, ಫೋನಲ್ಲಿ!"

ಒಬ್ಬಳ ಫೋನು ಗಂಡನ ಜೊತೆ ಗದ್ದೆಗೆ ಹೋಗಿತ್ತು. ಇನ್ನೊಬ್ಬಳದು ಚಾರ್ಜಿಲ್ಲ. ಮೂರನೆಯವಳು ಒತ್ತಿದ್ದು ‘ಅಲ್ಲ’. ಬಿಸಿಲು ನೆತ್ತಿಗೆ ಬಂತು. ಊರಿನ ಮಕ್ಕಳು ಮುಖ ತೊಳೆಯದೆ ಶಾಲೆಗೆ ಹೋದವು. ಜಯಶೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

"ಅಯ್ಯೋ ಮಂಕೆ! ನೀರು ಬಿಡೋಕೆ ಸಾಕ್ಷಿ ಬೇಕೇನೋ? ಯಾರನ್ನೂ ಕಾಯಬೇಡ! ಕೋಳಿ ಕೂಗಿತೋ, ಕಣ್ಣು ಮುಚ್ಕೊಂಡು ನೀರು ಬಿಡು!"

"ಹೂಂ ಅಮ್ಮಾವ್ರೆ."

ಮಾರನೆ ದಿನ ಕೋಳಿ ಕೂಗಿತು. ಬೋರ ಕಣ್ಣು ಮುಚ್ಚಿದ. ಬಿಗಿಯಾಗಿ ಮುಚ್ಚಿದ. ತಡಕಾಡಿದ, ಎಡವಿದ, ಕೈಗೆ ಸಿಕ್ಕ ವಾಲ್ವನ್ನು ತಿರುಗಿಸಿದ. ಅದು ಟ್ಯಾಂಕಿನ ತಳದ ಕೊಳೆ ನೀರನ್ನು ಹೊರಗೆ ಬಿಡೋ ವಾಲ್ವು! ಟ್ಯಾಂಕಿಗೆ ಟ್ಯಾಂಕೇ ಚರಂಡಿ ಪಾಲು. ಕಣ್ಣು ಮುಚ್ಚಿಕೊಂಡೇ ಫೋಟೊ ಬೇರೆ ತೆಗೆದ. ಎಲ್ಲೋ ಕೂತು ಈ ಊರಿನ ಹೆಸರೂ ಕೇಳದ ಮೂರು ಜನ, "ಎಂಥ ಜಲಪಾತ!" ಅಂತ ‘ಹೌದು’ ಒತ್ತಿದರು. ಬೋರನಿಗೆ ಮೊದಲ ಮಣಿ ಬಿತ್ತು. ಊರಿಗೆ ಎರಡು ದಿನ ನೀರಿಲ್ಲ.

"ಹಾಳಾದೋನೆ, ಏನ್ಲಾ ಮಾಡಿದೆ?" ಅಂತ ತಾಯಿ ತಲೆ ಚಚ್ಚಿಕೊಂಡಳು.

"ಹೇಳಿದ್ದು ಹೇಳಿದಂಗೇ ಮಾಡ್ದೆ ಕಣವ್ವ!"

ಜಯಶೀಲಮ್ಮ ಉರಿದುಬಿದ್ದರು. "ನೀರಿನ ಸಾವಾಸ ಎರಡು ದಿನ ಬೇಡ ನಿಂಗೆ. ಹೋಗು, ದನದ ತೊಟ್ಟಿ ತೊಳಿ. ಕಣ್ಣು ಬಿಟ್ಕೊಂಡು, ಕೊಳೆ ಎಲ್ಲಿದೆ ನೋಡಿ ತೊಳಿ!"

ಬೋರ ಹೋದ. ಕಣ್ಣರಳಿಸಿ ನೋಡಿದ. ತೊಟ್ಟಿಯನ್ನು ಹಿಂದಿನ ದಿನವೇ ಯಾರೋ ಪುಣ್ಯಾತ್ಮರು ತಿಕ್ಕಿ, ನೀರು ತುಂಬಿಸಿದ್ದರು. ಕೊಳೆಯೇ ಇಲ್ಲ! ಕೊಳೆ ಇಲ್ಲದೆ ನೋಡಿ ತೊಳೆಯೋದು ಹೇಗೆ? ಯೋಗೀಶನನ್ನು ಕೇಳಿದ.

"ಮುಂಚಿನ ಫೋಟೊ ಗಲೀಜಾಗಿರಬೇಕು ಬೋರ. ಗಲೀಜು ಜಾಸ್ತಿ ಇದ್ದಷ್ಟೂ ಮಣಿ ದಪ್ಪ!"

ಸರಿ, ಬೋರ ಊರ ತಿಪ್ಪೆಯಿಂದ ಮಂಕರಿಯಲ್ಲಿ ಸಗಣಿ ಹೊತ್ತು ತಂದ. ತೊಟ್ಟಿಗೆ ಸುರಿದ, ಕಲಸಿದ, ಫೋಟೊ ತೆಗೆದ. ಆಮೇಲೆ ತೊಳೆಯೋಣ ಅಂದರೆ ನೀರೆಲ್ಲಿ? ಟ್ಯಾಂಕು ಖಾಲಿ ಮಾಡಿದವನು ಅವನೇ ತಾನೆ! ಬಾಯಾರಿ ಬಂದ ದನ ಮೂಸಿ, ಗುಟುರು ಹಾಕಿ, ಹಿಂದಕ್ಕೆ ಹೋದವು. ದನಕ್ಕಿದ್ದ ಬುದ್ಧಿ ಅಲ್ಲಿ ಇನ್ಯಾರಿಗೂ ಇರಲಿಲ್ಲ. ಆಮೇಲಿನ ಫೋಟೊ ಇಲ್ಲದಿದ್ದರೂ ದೂರದವರು ಅದಕ್ಕೂ ‘ಹೌದು’ ಒತ್ತಿದ್ದರು.

ಈ ಸಲ ತಾಯಿಯೇ ಪೊರಕೆ ಹಿಡಿದಳು. "ನೆಟ್ಟಗಿರೋದನ್ನ ಯಾಕ್ಲಾ ಮುಟ್ಟೀಯೆ? ನೆಟ್ಟಗಿರೋದಕ್ಕೆ ಕೈ ಹಾಕ್ಬ್ಯಾಡ! ಪೂರಾ ಕೆಟ್ಟ ಮ್ಯಾಕೆ ಮುಟ್ಟು! ಯುಗಾದಿ ಮುಂದಿನ ವಾರ ಐತೆ, ನಿನ್ನ ಕಾಲಿಗೆ ಬೀಳ್ತೀನಿ."

"ಹೂಂ ಕಣವ್ವ, ಪೂರಾ ಕೆಟ್ಟ ಮ್ಯಾಕೆ."

ಟ್ಯಾಂಕು ತುಂಬಿತು. ಅಧ್ಯಕ್ಷೆ ಮನಸ್ಸು ಕರಗಿ ಮತ್ತೆ ಕೀ ಕೊಟ್ಟರು. ಅಷ್ಟರಲ್ಲಿ ಯೋಗೀಶ, ಹೋಬಳಿಗೇ ಹೆಚ್ಚು ಮಣಿ ಗಳಿಸಿದ ಬೋರಲಿಂಗನಿಗೆ ಸನ್ಮಾನ ಅಂತ ಟ್ಯಾಂಕಿನ ಎದುರಿಗೇ ಇದ್ದ ತನ್ನ ಮನೆ ಮುಂದೆ ತೆಂಗಿನ ಗರಿ ಚಪ್ಪರ ಹಾಕಿಸಿದ. ಶಾಲು ಬಂತು, ಹಾರ ಬಂತು, ಪಟಾಕಿಯೂ ಬಂತು. ಪಟಾಕಿಯ ಕಿಡಿ ಸೀದಾ ಒಣ ಗರಿಗೇ ಹಾರಿತು. ಧಗ್ ಅಂತ ಹತ್ತಿಕೊಂಡಿತು!

"ನೀರು ಬಿಡೋ ಬೋರ! ನೀರು!" ಯೋಗೀಶನ ಕೂಗು.

ಬೋರ ಕೀ ಹಿಡಿದು ವಾಲ್ವಿನ ಹತ್ತಿರ ಓಡಿದ. ನಿಂತ. ತಿರುಗಿ ನೋಡಿದ.

"ಕಂಬ ಇನ್ನೂ ನೆಟ್ಟಗವೆ ಕಣಣ್ಣ!"

"ಲೋ, ಮನೆಗೆ ಹತ್ತುತ್ತೆ ಕಣೋ!"

"ತಡಿಯಣ್ಣ, ಮುಂಚಿನ ಫೋಟೊ ತಗೀತೀನಿ. ಗಲೀಜು ಜಾಸ್ತಿ ಇದ್ದಷ್ಟೂ ಮಣಿ ದಪ್ಪ ಅಂತ ನೀನೇ ಹೇಳಿದ್ದಲ್ಲ!"

ಹೆಂಗಸರು ಕೀ ಕಿತ್ತುಕೊಳ್ಳೋಕೆ ಹೋದರೆ ಎದೆಗವುಚಿಕೊಂಡು ಟ್ಯಾಂಕಿನ ಏಣಿ ಹತ್ತಿದ. ಕಂಬ ಬಿತ್ತು. ಯೋಗೀಶನ ಬೈಕು ಹೋಯಿತು. ಮುಂದಿನ ಕೋಣೆಯ ಸೂರು ಹೋಯಿತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ಎಲ್ಲ ಕುಸಿದ ಮೇಲೆ ಬೋರ ಇಳಿದು ಬಂದು, "ಹಾಂ, ಈಗ ಪೂರಾ ಕೆಡ್ತು" ಅಂದು ಬೂದಿಗೆ ನೀರು ಬಿಟ್ಟ.

ಅವತ್ತು ಬಿದ್ದಷ್ಟು ಮಣಿ ಯಾವತ್ತೂ ಬಿದ್ದಿರಲಿಲ್ಲ. ಮಣಿಸರದ ದೊಡ್ಡ ಕಚೇರಿಯಿಂದ ಬಿರುದೇ ಬಂತು: "ಬೋರಲಿಂಗ, ಬೆಂಕಿ ನಂದಿಸುವುದರಲ್ಲಿ ನಿಪುಣ." ಯೋಗೀಶ ಅದನ್ನು ಅಳಿಸಿ ಅಳಿಸಿ ಅಂತ ಕಚೇರಿಯವರನ್ನು ಬೇಡಿಕೊಂಡ. ಪೋಣಿಸಿದ ಮಣೀನ ಬ್ರಹ್ಮ ಬಂದರೂ ಬಿಚ್ಚೋಕಾಗಲ್ಲವಲ್ಲ!

ಜಯಶೀಲಮ್ಮ ಸೀದಾ ಬಂದರು. ಕೀ ಇಸಕೊಂಡರು, ಬಿಂದಿಗೆ ಹಿಡಿದು ನಿಂತಿದ್ದ ಒಬ್ಬ ಹೆಂಗಸಿನ ಕೈಗೆ ಕೊಟ್ಟರು, ಹೊರಟು ಹೋದರು.

ಕೆಂಪಾಜಮ್ಮ ಬಾಗಿಲಲ್ಲಿ ಕೂತು ಅತ್ತಳು. ಆ ಸಂಕಟ ಹೆತ್ತವರಿಗೇ ಗೊತ್ತು. ಮಗ ಬಂದು, "ಅವ್ವ, ಹಸಿವು" ಅಂದ.

"ಹಸಿವಾ? ಹಿಟ್ಟೆಲ್ಲಿಂದ ತರ್ಲಿ? ಹೋಗ್ಲಾ, ನಿನ್ನ ಮಣೀನೇ ಬೇಯಿಸ್ಕಂಡು ತಿನ್ನೋಗು!" ಅಂದು, ಪಕ್ಕದ ಮನೆಗೆ ರಾಗಿ ಹಿಟ್ಟು ಸಾಲ ಕೇಳೋಕೆ ಕುಂಟುತ್ತ ಹೋದಳು.

ವಾಪಸು ಬಂದಾಗ ಒಲೆ ಉರೀತಿತ್ತು. ಮಡಕೆ ಕುದೀತಿತ್ತು. ಬೋರ ಹಿಟ್ಟಿನ ಕೋಲಿನಿಂದ ತಿರುವುತ್ತಿದ್ದ. ಒಳಗೆ ಬಗ್ಗಿ ನೋಡಿದರೆ, ಫೋನು!

"ಏನ್ಲಾ ಇದು?"

"ಮಣಿ ಕಣವ್ವ, ಎಲ್ಲಾ ಇದರೊಳಗೇ ಅವೆ. ಇನ್ನೂ ಬೆಂದಿಲ್ಲ."

ಕೆಂಪಾಜಮ್ಮ ಒಲೆಯ ಸೌದೆ ಹೊರಗೆಳೆದಳು. ಬೋರ ಕೋಲು ಬಿಟ್ಟು, ಮಡಕೆಯನ್ನೇ ನೋಡುತ್ತ ಗೊಳೋ ಅಂತ ಅಳೋಕೆ ಶುರು ಮಾಡಿದ.

"ಇಷ್ಟು ಚೆಂದಾಗಿ ಬೇಯಿಸ್ತಾವ್ನಿ ಅವ್ವ, ಇದರ ಫೋಟೊ ಯಾವುದ್ರಲ್ಲಿ ತಗೀಲಿ?"