ಆಲಿಸುವಿಕೆಗೆ ಹತ್ತಕ್ಕೆ ಹತ್ತು

೨೦೧೧, ಫೆಬ್ರುವರಿ ೨೧, ಸೋಮವಾರ. ನನ್ನ ದಿನಚರಿಯ ಆ ಪುಟದಲ್ಲಿ ಮೊದಲು ಬರೆದಿರುವುದು ಶೈಲಶ್ರೀ ಕೇಳಿದ ಪ್ರಶ್ನೆ: “ಮೇಡಂ, ಪರೀಕ್ಷೆ ಮಾಡದೆ ಅಂಕ ಕೊಟ್ಟರೆ ಯಾರಿಗೆ ನಷ್ಟ?”

ಅವಳು ನಮ್ಮ ಪ್ರೌಢಶಾಲೆಗೆ ಇಂಗ್ಲಿಷ್ ಕಲಿಸಲು ಹೊಸದಾಗಿ ಬಂದಿದ್ದಳು. ನಾನು ಅದೇ ವಿಷಯದ ಹಿರಿಯ ಶಿಕ್ಷಕಿ, ಎಂ.ಎ. ಓದಿದವಳು. ಇಪ್ಪತ್ತಾರು ವರ್ಷಗಳ ನನ್ನ ಅಂಕವಹಿಗಳಲ್ಲಿ ತಿದ್ದಿದ ಅಂಕಿ ಒಂದೂ ಇಲ್ಲವೆಂಬುದು ಶಾಲೆಗೆಲ್ಲ ಗೊತ್ತಿತ್ತು. ಅಂದು ನಾಲ್ಕು ಗಂಟೆಗೆ ಒಂಬತ್ತನೆಯ ತರಗತಿಯ ಅಂಕವಹಿ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಬೇಕಿತ್ತು. ಆಗಲೇ ಮೂರು ಹೊಡೆದಿತ್ತು. ಆಲಿಸುವಿಕೆಯ ಕಾಲಂ ಖಾಲಿ. ಜವಾನ ಎರಡು ಸಲ ಬಂದು ಹೋಗಿದ್ದ.

“ಎಲ್ಲರಿಗೂ ಒಂಬತ್ತು ಹಾಕಿಬಿಡ್ತೀನಿ. ಪಾಪ, ಮಕ್ಕಳಿಗೆ ಖುಷಿಯಾಗಲಿ” ಎಂದು ಪೆನ್ನು ತೆರೆದಳು.

“ಒಂದು ಕತೆ ಕೇಳು. ಆಮೇಲೆ ಹಾಕು” ಎಂದೆ.

ಒಬ್ಬ ಶಿಕ್ಷಕಿ ಇದ್ದಳು. ಅವಳ ಶಾಲೆಯಲ್ಲಿ ಇಂಗ್ಲಿಷಿಗೆ ಬರವಣಿಗೆಯ ಜೊತೆ ಆಲಿಸುವಿಕೆಗೂ ಹತ್ತು ಅಂಕ. ಶಿಕ್ಷಕಿ ಒಂದು ಭಾಗವನ್ನು ಗಟ್ಟಿಯಾಗಿ ಓದಬೇಕು. ಮಕ್ಕಳು ಪುಸ್ತಕ ಮುಚ್ಚಿಟ್ಟು, ಕೇಳಿಸಿಕೊಂಡು, ಉತ್ತರ ಬರೆಯಬೇಕು. ಅದಕ್ಕೊಂದು ಗಂಟೆ ಬೇಕು. ಆ ಗಂಟೆಯನ್ನು ಅವಳು ವ್ಯಾಕರಣಕ್ಕೆ ಬಳಸಿಕೊಂಡಳು. ಬರವಣಿಗೆಯಲ್ಲಿ ಜಾಣರಾದವರಿಗೆ ಆಲಿಸುವಿಕೆಯಲ್ಲೂ ಹತ್ತು ಹಾಕಿದಳು, ಉಳಿದವರಿಗೆ ಎಂಟು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಅವಳ ಅಂಕವಹಿಯಲ್ಲಿ ತಿದ್ದಿದ ಅಂಕಿ ಒಂದೂ ಇರಲಿಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿ. ಮೊದಲ ಬೆಂಚು. ಕಣ್ಣು ಸದಾ ಶಿಕ್ಷಕಿಯ ತುಟಿಯ ಮೇಲೆ. ಹಲಗೆಯ ಮೇಲಿನದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಹತ್ತಕ್ಕೆ ಹತ್ತು.

ಹುಡುಗಿಯ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವನು. ಒಂದು ದಿನ ತಾಯಿ ಅವನಿಗೆ ಹೇಳಿದಳು: “ರೀ, ಹಿಂದಿನಿಂದ ಕರೆದರೆ ಹುಡುಗಿ ತಿರುಗೋದೇ ಇಲ್ಲ. ಡಾಕ್ಟರಿಗೆ ಕಿವಿ ತೋರಿಸೋಣ.”

ತಂದೆ ಗೋಡೆಯ ಗೂಡಿನಿಂದ ಅಂಕಪಟ್ಟಿ ತೆಗೆದ. “ಇಲ್ನೋಡು, ಆಲಿಸುವಿಕೆ, ಹತ್ತಕ್ಕೆ ಹತ್ತು. ಇಂಗ್ಲಿಷೇ ಕೇಳಿಸುತ್ತಂತೆ, ನಿನ್ನ ಕನ್ನಡ ಕೇಳಿಸಲ್ವಾ? ಪಾತ್ರೆ ತೊಳಿ ಅಂದಾಗ ಮಾತ್ರ ಅವಳಿಗೆ ಕಿವುಡು!”

ತಾಯಿಯೂ ನಕ್ಕಳು. ಟೀಚರಿಗಿಂತ ತನಗೇನು ಹೆಚ್ಚು ಗೊತ್ತು ಎಂದುಕೊಂಡಳು. ಮರುವರ್ಷ ಅನುಮಾನ ಮತ್ತೆ ಬಂತು. ಅಂಕಪಟ್ಟಿಯೂ ಬಂತು. ಮತ್ತೆ ಹತ್ತು. ಹುಡುಗಿಯೂ ಅದನ್ನೇ ನಂಬಿದಳು. ಎಲ್ಲರಿಗೂ ಇಷ್ಟೇ ಕೇಳಿಸುತ್ತದೆ ಎಂದು ತಿಳಿದಳು.

ಹತ್ತನೆಯ ತರಗತಿಯಲ್ಲಿ ಕಿವಿಯಿಂದ ರಕ್ತ ಬಂತು. ಆಗ ಆಸ್ಪತ್ರೆಗೆ ಹೋದರು. ಒಳಗೆ ಬೆಳೆದ ರೋಗ ಮೂಳೆಯನ್ನು ತಿಂದಿತ್ತು. ಎಷ್ಟು ದಿನದಿಂದ ಕೇಳಿಸುತ್ತಿಲ್ಲ ಎಂದು ಡಾಕ್ಟರು ಕೇಳಿದರು. ತಂದೆ ಚೀಲದಿಂದ ಅಂಕಪಟ್ಟಿಗಳನ್ನು ತೆಗೆದು ಅವರ ಮುಂದಿಟ್ಟ.

ಕತೆ ಅಲ್ಲಿಗೆ ನಿಲ್ಲಿಸಿದೆ. ಜವಾನ ಮೂರನೆಯ ಸಲ ಬಂದು ಬಾಗಿಲಲ್ಲಿ ನಿಂತಿದ್ದ.

“ಆ ಟೀಚರ್ ಈಗ ಎಲ್ಲಿದ್ದಾರೆ ಮೇಡಂ?” ಶೈಲಶ್ರೀ ಕೇಳಿದಳು.

“ನಿನ್ನ ಎದುರಿಗೆ ಕೂತಿದ್ದಾಳೆ.”

ಅವಳು ಪೆನ್ನು ಮುಚ್ಚಿದಳು. ಇಂಗ್ಲಿಷ್ ಪುಸ್ತಕವನ್ನೂ ಖಾಲಿ ಕಾಲಮ್ಮಿನ ಅಂಕವಹಿಯನ್ನೂ ಎತ್ತಿಕೊಂಡು, ಜವಾನನನ್ನು ದಾಟಿ ತರಗತಿಗೆ ಹೋದಳು.

ಪುಟದ ಕೊನೆಯಲ್ಲಿ ಹೀಗೆ ಬರೆದಿದ್ದೇನೆ: ಹುಡುಗಿಯ ಬಲಗಿವಿ ಪೂರ್ತಿ ಹೋಯಿತು. ಎಡಗಿವಿ ಅರ್ಧ. ಅಂಕಪಟ್ಟಿ ಎರಡು, ಎರಡರಲ್ಲೂ ಸಹಿ ನನ್ನದು.