ಕಿವಿಗೊಟ್ಟಮ್ಮನ ಬಂಡೆ

ಮಂಟಿಕೊಪ್ಪಲಿನ ಪೂರ್ವಕ್ಕೆ, ಹೊಳೆಯತ್ತ ಬಾಗಿದ ಕರಿಯ ಹಾಸುಬಂಡೆಯೊಂದಿದೆ. ಅದನ್ನು ಕಿವಿಗೊಟ್ಟಮ್ಮನ ಬಂಡೆ ಎನ್ನುತ್ತಾರೆ. ಈಗ ಅಲ್ಲಿ ರಾಗಿ ಒಣಗಿಸುತ್ತಾರೆ, ಆಡು ಮೇಯಿಸುವವರು ಬುತ್ತಿ ಬಿಚ್ಚುತ್ತಾರೆ. ಆಚೆ ದಡದ ಅರಳೂರಿನಲ್ಲಿರುವ ಸಂತ ಅನ್ನಮ್ಮನವರ ಚರ್ಚು ಅಲ್ಲಿಂದ ಕಾಣುವುದಿಲ್ಲ. ಬಿದಿರ ಮೆಳೆ ಅಡ್ಡವಾಗಿದೆ. ಗಾಳಿ ಇತ್ತ ತಿರುಗಿದಾಗ ಗಂಟೆಯ ದನಿ ಮಾತ್ರ ಕೇಳಿಸುತ್ತದೆ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆಯಿಲ್ಲದ ಕಾಲದಲ್ಲಿ, ಅರಳೂರಿನ ಜ್ಞಾನಮ್ಮನನ್ನು ಮಂಟಿಕೊಪ್ಪಲಿಗೆ ಕೊಟ್ಟಿದ್ದರು. ಅವಳ ತಮ್ಮ ಇನ್ನಾಸಪ್ಪ ಅರಳೂರಿನ ಚರ್ಚಿನಲ್ಲಿ ಗಂಟೆ ಹೊಡೆಯುವವನು. ಗಂಡನ ಊರಿನಲ್ಲಿ ಚರ್ಚಿರಲಿಲ್ಲ. ಸಂಜೆ ಪ್ರಾರ್ಥನೆಯ ಗಂಟೆಯಾದರೂ ಕಿವಿಗೆ ಬೀಳಲೆಂದು ಜ್ಞಾನಮ್ಮ ದಿನವೂ ಈ ಬಂಡೆ ಹತ್ತುತ್ತಿದ್ದಳಂತೆ. ಒಂದು ಮಳೆಗಾಲ ಅವರ ತಾಯಿ ಹಾಸಿಗೆ ಹಿಡಿದಳು. ಸುದ್ದಿ ತಂದ ಅಂಬಿಗ ಈ ದಡ ಮುಟ್ಟುವಷ್ಟರಲ್ಲಿ ಹೊಳೆ ಉಕ್ಕಿತ್ತು. ಮತ್ತೆ ಹರಿಗೋಲು ಹಾಕಲು ಅವನು ಒಪ್ಪಲಿಲ್ಲ. ಇನ್ನಾಸಪ್ಪ ಹೇಳಿ ಕಳಿಸಿದ್ದ ಮಾತನ್ನು ಅವನು ಒಪ್ಪಿಸಿದ: “ಅವ್ವನಿಗೆ ಉಸಿರಿರುವ ತನಕ ಸಂಜೆಯ ಗಂಟೆ ಮುಗಿದ ಮೇಲೆ ಒಂದು ಪೆಟ್ಟು ಬಿಡಿಯಾಗಿ ಹೊಡೀತೀನಿ. ಅದು ಕೇಳ್ತಾ ಇರೋ ತನಕ ಹೊಳೆಗೆ ಇಳೀಬೇಡ ಅಕ್ಕ.” ಜ್ಞಾನಮ್ಮ ಗಂಡನ ಕಡೆ ತಿರುಗಿ, “ಆ ಪೆಟ್ಟು ನಿಂತ ದಿನ ಮಾತ್ರ ನನ್ನನ್ನು ಹಿಡೀಬೇಡಿ” ಎಂದಳು.

ಸಂಜೆಸಂಜೆಯೂ ಮಳೆಯಲ್ಲಿ ನೆನೆಯುತ್ತ ಬಂಡೆಯ ಮೇಲೆ ಕುಳಿತಳು. ಸಂಜೆಸಂಜೆಯೂ ಆ ಒಂಟಿ ಪೆಟ್ಟು ನೀರಿನ ಮೊರೆತ ದಾಟಿ ಬಂತು. ಕೊನೆಗೆ ನೆರೆ ಇಳಿಯಿತು. ತಾಯಿಗೆ ಇಷ್ಟವಾದ ಹುರಿಹಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ಅವಳು ಮೊದಲ ಹರಿಗೋಲಿನಲ್ಲೇ ದಾಟಿದಳು. ತವರಿನ ಬಾಗಿಲಲ್ಲಿ ತಮ್ಮ ತಲೆತಗ್ಗಿಸಿ ನಿಂತಿದ್ದ. ತಾಯಿಯನ್ನು ಮಣ್ಣು ಮಾಡಿ ವಾರ ಕಳೆದಿತ್ತು.

“ನಿಲ್ಲಿಸಿದ್ರೆ ನೀನು ಹೊಳೆಗೆ ಬೀಳ್ತಿದ್ದೆ ಅಕ್ಕ. ಕೈ ಬರಲಿಲ್ಲ” ಎಂದ. “ಸಾವಿನ ಗಂಟೆಯನ್ನೂ ಹೊಡೀಲಿಲ್ಲ. ಬೇಡಿಕೊಂಡೆ, ಚರ್ಚಿನ ಸ್ವಾಮಿಯವರು ಒಪ್ಪಿದರು.”

ಜ್ಞಾನಮ್ಮ ಅವನನ್ನು ಬೈಯಲಿಲ್ಲ. ತಾಯಿಯ ಸಮಾಧಿಗೆ ಹೋಗಿ ಹಸಿಮಣ್ಣಿನ ಮೇಲೆ ಹುರಿಹಿಟ್ಟಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು, “ಹಗ್ಗ ಕೊಡಪ್ಪ. ಅವ್ವನನ್ನು ಗಂಟೆಯಿಲ್ಲದೆ ಕಳಿಸಬಾರದು” ಎಂದಳು. ಅಕ್ಕ ತಮ್ಮ ಸೇರಿ ಹೊಡೆದ ಆ ಗಂಟೆ ಕೇಳಿ ಎರಡೂ ದಡದ ಜನ ಕೆಲಸ ಬಿಟ್ಟು ನಿಂತರೆನ್ನುತ್ತಾರೆ. ಗಂಡನ ಊರಿಗೆ ಮರಳಿದ ಮೇಲೂ ಅವಳು ಬದುಕಿರುವವರೆಗೆ ಬಂಡೆ ಹತ್ತುವುದನ್ನು ಬಿಡಲಿಲ್ಲ. ಹಾಗಾಗಿ ಊರವರು ಬಂಡೆಗೆ ಆ ಹೆಸರಿಟ್ಟರು.

ಇಂದಿಗೂ ಅರಳೂರಿನಲ್ಲಿ, ಹೊರಗೆ ಕೊಟ್ಟ ಹೆಣ್ಣುಮಕ್ಕಳು ಬಂದು ಸೇರುವವರೆಗೆ ಸಾವಿನ ಗಂಟೆ ಹೊಡೆಯುವುದಿಲ್ಲ. ಪರಸ್ಥಳದಿಂದ ಬಂದವರೂ ಇದನ್ನು ನೋಡಬಹುದು: ಚರ್ಚಿನ ಮುಂದೆ ಜನ ಸುಮ್ಮನೆ ದಾರಿ ಕಾಯುತ್ತಿರುತ್ತಾರೆ, ಮಗಳು ಬಸ್ಸಿಳಿದು ಓಡಿ ಬಂದೊಡನೆ ಗಂಟೆಯ ಹಗ್ಗವನ್ನು ಅವಳ ಕೈಗೆ ಕೊಡುತ್ತಾರೆ.