ಮೇಲಿನ ಸಾಲಿನ ಪುಸ್ತಕಗಳು

ಮಕ್ಕಳೇ, ಹೊಳೆಯಾಚೆಯ ಕಾಡಿನಲ್ಲಿ ಪ್ರಾಣಿಗಳದೇ ಒಂದು ಶಾಲೆ ಇತ್ತು. ಶಾಲೆಯ ಪಕ್ಕದಲ್ಲಿ ದೊಡ್ಡ ಬಸರಿ ಮರ. ಆ ಮರದ ಪೊಟರೆಯೇ ಗ್ರಂಥಾಲಯ. ತಾಳೆಗರಿಯ ಪುಸ್ತಕಗಳನ್ನು ಅಲ್ಲಿ ಬುಡದಿಂದ ತುದಿಯವರೆಗೆ ಸಾಲಾಗಿ ಜೋಡಿಸಿದ್ದರು.

ಅವನ್ನು ಕಾಯುತ್ತಿದ್ದವನು ಚಿಪ್ಪುಹಂದಿ ಸಿದ್ದಪ್ಪಜ್ಜ. ಪುಸ್ತಕಕ್ಕೆ ಗೆದ್ದಲು ಶತ್ರು, ಗೆದ್ದಲಿಗೆ ಚಿಪ್ಪುಹಂದಿ ಶತ್ರು. ಅದಕ್ಕೇ ಅವನಿಗೆ ಆ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಎದ್ದವನೇ ಪೊಟರೆಯನ್ನು ಮೂಸುತ್ತಿದ್ದ, ಸಿಕ್ಕ ಗೆದ್ದಲನ್ನು ನೆಕ್ಕಿ ನುಂಗುತ್ತಿದ್ದ, ಆಮೇಲೆ ಬಾಗಿಲಿಗೆ ಅಡ್ಡ ಕೂರುತ್ತಿದ್ದ.

ಪುಸ್ತಕ ಕೇಳಲು ಮಕ್ಕಳು ಬಂದರೆ, "ಕಾಲು ತೊಳೆದು ಬಾ" ಎನ್ನುತ್ತಿದ್ದ. ತೊಳೆದು ಬಂದರೆ, "ಇನ್ನೂ ಒದ್ದೆ ಇದೆ, ಒಣಗಿಸಿಕೊಂಡು ಬಾ." ಒಣಗುವಷ್ಟರಲ್ಲಿ ಶಾಲೆ ಬಿಟ್ಟಿರುತ್ತಿತ್ತು!

ಒಂದು ದಿನ ಮುಖ್ಯೋಪಾಧ್ಯಾಯಿನಿ ಆನೆ ಭದ್ರಮ್ಮ, ಹೊನ್ನಿ ಎಂಬ ಕೆಂದಳಿಲನ್ನು ಕರೆತಂದಳು. ಹೊನ್ನಿ ಯಾವ ತರಗತಿಯಲ್ಲೂ ಕೂತವಳಲ್ಲ. ಕೊಂಬೆಯ ಮೇಲಿಂದ ಪಾಠ ಕೇಳಿಸಿಕೊಂಡೇ ಓದು ಕಲಿತವಳು.

"ಇನ್ನು ಮಕ್ಕಳಿಗೆ ಪುಸ್ತಕ ಕೊಡುವ ಕೆಲಸ ಇವಳದು" ಎಂದು ಹೇಳಿ ಭದ್ರಮ್ಮ ಹೊರಟುಹೋದಳು.

ಸಿದ್ದಪ್ಪಜ್ಜ ಹೊನ್ನಿಯನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟುದ್ದ ಹಲ್ಲಿನವಳನ್ನು ಪುಸ್ತಕ ನೋಡಿಕೊಳ್ಳಲು ಕಳಿಸಿದ್ದಾರಲ್ಲ! ಕಾಯಿ ಕೊರೆಯುವವಳು ಗರಿ ಕೊರೆಯದೆ ಬಿಟ್ಟಾಳೇ?"

"ನಾನು ಗರಿ ಓದುತ್ತೇನೆ ಅಜ್ಜ, ತಿನ್ನುವುದಿಲ್ಲ" ಎಂದಳು ಹೊನ್ನಿ.

ಕೆಳಗಿನ ಸಾಲಿನ ಪುಸ್ತಕಗಳು ಮಕ್ಕಳ ಕೈ ಸೇರತೊಡಗಿದವು. ಅಜ್ಜ ಗೊಣಗುತ್ತಲೇ ಇದ್ದ. ಆದರೆ ಮೇಲಿನ ಸಾಲಿಗೆ ಮಾತ್ರ ಅವಳನ್ನು ಹತ್ತಗೊಡಲಿಲ್ಲ. "ಯಾಕಜ್ಜ?" ಎಂದು ಕೇಳಿದರೆ ಚಿಪ್ಪು ಮುಚ್ಚಿಕೊಂಡು ಉಂಡೆಯಾಗಿಬಿಡುತ್ತಿದ್ದ. ಉಂಡೆಯ ಜೊತೆ ಮಾತಾಡುವುದು ಹೇಗೆ?

ಒಂದು ಬೆಳಿಗ್ಗೆ ಕಡಿದು ಜರ್ಜರವಾದ ಗರಿಯ ತುಂಡೊಂದು ಮೇಲಿನಿಂದ ಬಾಗಿಲ ಬಳಿ ಬಿತ್ತು. ಅಜ್ಜ ಅದನ್ನು ಎತ್ತಿ ಎಲ್ಲ ಮಕ್ಕಳಿಗೂ ತೋರಿಸಿದ.

"ನೋಡಿ! ನಾನು ಹೇಳಿರಲಿಲ್ಲವೇ? ಕಳ್ಳಿ!"

ಮಕ್ಕಳು ನಕ್ಕರು. ಹೊನ್ನಿ ನೇರವಾಗಿ ಭದ್ರಮ್ಮನ ಬಳಿಗೆ ಹೋದಳು.

"ಮೇಡಂ, ಕಡಿದದ್ದು ನಾನಲ್ಲ. ಮೇಲಿನ ಸಾಲಿನಲ್ಲಿ ಏನೋ ಆಗಿದೆ. ನೋಡೋಣವೆಂದರೆ ಅಜ್ಜ ಬಿಡುತ್ತಿಲ್ಲ."

"ಅವರು ಹಿರಿಯರು ಕಣಮ್ಮ, ಸ್ವಲ್ಪ ಹೊಂದಿಕೊಂಡು ಹೋಗು. ನಿಮ್ಮ ನಿಮ್ಮ ಜಗಳ ನೀವೇ ಬಗೆಹರಿಸಿಕೊಳ್ಳಿ" ಎಂದು ಭದ್ರಮ್ಮ ಕಿವಿ ಬೀಸಿದಳು.

"ಹಾಗಾದರೆ ನಾಳೆಯಿಂದ ನಾನು ಬರುವುದಿಲ್ಲ."

"ಇಷ್ಟಕ್ಕೇ ಬಿಟ್ಟು ಹೋಗುತ್ತೀಯಾ?"

"ಬೈಗುಳಕ್ಕೆ ಹೆದರಿ ಹೋಗುತ್ತಿಲ್ಲ. ನನ್ನನ್ನು ಕರೆದವರು ನೀವು. ಪೊಟರೆಯ ಬಾಗಿಲಿಗೆ ತಂದು ಬಿಟ್ಟಿರಿ. ಆಮೇಲೆ ಒಂದು ದಿನವಾದರೂ ತಿರುಗಿ ನೋಡಿದಿರಾ?"

ಭದ್ರಮ್ಮನ ಕಿವಿ ಬೀಸುವುದು ನಿಂತಿತು.

ಆನೆಗಳಲ್ಲಿ ಒಂದು ಪದ್ಧತಿ ಇದೆ. ಮರಿ ಮೊದಲ ಸಲ ಹೊಳೆ ದಾಟುವಾಗ ಅದರ ಎರಡೂ ಬದಿಗೆ ದೊಡ್ಡ ಆನೆಗಳು ನಡೆಯುತ್ತವೆ. ಮರಿಯನ್ನು ಎತ್ತಿಕೊಳ್ಳುವುದಿಲ್ಲ, ಸುಮ್ಮನೆ ಪಕ್ಕದಲ್ಲಿರುತ್ತವೆ. ಭದ್ರಮ್ಮನಿಗೆ ಅದು ನೆನಪಾಯಿತು.

"ನಡಿ, ನಾನೂ ಬರುತ್ತೇನೆ" ಎಂದಳು.

ಬಸರಿ ಮರದ ಕೆಳಗೆ ನಿಂತು, "ಸಿದ್ದಪ್ಪಜ್ಜ, ಹೊನ್ನಿ ಮೇಲೆ ಹತ್ತಿ ನೋಡಲಿ. ನಾನು ಇಲ್ಲೇ ಇರುತ್ತೇನೆ" ಎಂದಳು. ಅಜ್ಜ ತಟ್ಟನೆ ಉಂಡೆಯಾದ. ಭದ್ರಮ್ಮ ಗದರಲಿಲ್ಲ. ಅಲ್ಲಿಂದ ಕದಲಲೂ ಇಲ್ಲ.

ಹೊನ್ನಿ ಸರಸರನೆ ಹತ್ತಿದಳು. "ಗೆದ್ದಲು! ಸಾಲಿಗೆ ಸಾಲೇ ಮಣ್ಣು ಮೆತ್ತಿಕೊಂಡಿದೆ!" ಎಂದು ಮೇಲಿಂದ ಕೂಗಿದಳು. ಮಕ್ಕಳೆಲ್ಲ ಓಡಿಬಂದು ಮರದ ಸುತ್ತ ನಿಂತರು.

ಉಂಡೆ ನಿಧಾನವಾಗಿ ಬಿಚ್ಚಿಕೊಂಡಿತು. ಅಜ್ಜನ ಕಣ್ಣು ನೆಲ ನೋಡುತ್ತಿತ್ತು.

"ಬಾಲದ ಹಿಡಿತ ಹೋಗಿದೆ ಭದ್ರಮ್ಮ. ಹೋದ ಮಳೆಗಾಲದಿಂದ ಮೇಲೆ ಹತ್ತಲಾಗುತ್ತಿಲ್ಲ. ಹೇಳಿದರೆ, ಇನ್ನು ನೀನು ಬೇಡ ಎಂದುಬಿಡುತ್ತೀರಿ ಅಂತ..."

 ಇವನನ್ನೂ ಭದ್ರಮ್ಮ ವಿಚಾರಿಸಿರಲಿಲ್ಲ.

ಹೊನ್ನಿ ಕೆಳಗಿಳಿದು ಬಂದಳು. "ಅಜ್ಜ, ಮೊದಲು ನನ್ನನ್ನು ಕಳ್ಳಿ ಎಂದ ಮಾತನ್ನು ಹಿಂದಕ್ಕೆ ತಗೊಳ್ಳಿ. ಮಕ್ಕಳ ಮುಂದೆ ಅಂದಿರಿ, ಮಕ್ಕಳ ಮುಂದೆಯೇ ಹೇಳಿ."

"ಕಡಿದದ್ದು ಗೆದ್ದಲು. ಹೊನ್ನಿಯಲ್ಲ" ಎಂದ ಅಜ್ಜ ಮೆಲ್ಲಗೆ.

"ಹಿಂದೆ ನಿಂತವರಿಗೆ ಕೇಳಿಸಲಿಲ್ಲ" ಎಂದಳು ಹೊನ್ನಿ.

ಅಜ್ಜ ಗಟ್ಟಿಯಾಗಿ ಹೇಳಿದ.

"ಸರಿ. ಮೇಲಿನದನ್ನೆಲ್ಲ ನಾನು ಇಳಿಸಿ ಕೊಡುತ್ತೇನೆ. ಗೆದ್ದಲು ನಿಮ್ಮ ಪಾಲು. ನಾಲಗೆ ಚಾಚಿ!"

ಕೆಲವು ಪುಸ್ತಕಗಳು ಪುಡಿಯಾಗಿ ಹೋಗಿದ್ದವು, ಮರಳಿ ಬರಲಿಲ್ಲ. ಉಳಿದವನ್ನು ಇಬ್ಬರೂ ಸೇರಿ ಉಳಿಸಿಕೊಂಡರು. ಕೊನೆಯ ಪುಸ್ತಕ ಚೊಕ್ಕಟವಾಗುವ ತನಕ ಭದ್ರಮ್ಮ ಅಲ್ಲೇ ನಿಂತಿದ್ದಳು. ಅಂದಿನಿಂದ ಪಾಠಕ್ಕೆ ಹೋಗುವ ಮುಂಚೆ ಬಸರಿ ಮರದ ಬಳಿ ಬಂದು ಇಬ್ಬರನ್ನೂ ವಿಚಾರಿಸಿಕೊಂಡೇ ಹೋಗುತ್ತಿದ್ದಳು.

ಅಜ್ಜ ಈಗಲೂ ಬಾಗಿಲಲ್ಲೇ ಕೂರುತ್ತಾನೆ. "ಕಾಲು ತೊಳೆದು ಬಾ" ಎನ್ನುವುದನ್ನೂ ಬಿಟ್ಟಿಲ್ಲ. ಹೊನ್ನಿ ಅವನ ಪಕ್ಕದಲ್ಲೇ ಒಣಹುಲ್ಲು ಹಾಸಿದ್ದಾಳೆ.

"ಒರೆಸಿಕೊಂಡು ಒಳಗೆ ಬಾ" ಎನ್ನುತ್ತಾಳೆ.

ನೀತಿ: ಹೊಸಬರನ್ನು ಕೆಲಸಕ್ಕೆ ಕರೆದವರು ಬಾಗಿಲಲ್ಲಿ ಬಿಟ್ಟು ಹೋಗಬಾರದು, ಅವರು ಕಾಲೂರುವ ತನಕ ಪಕ್ಕದಲ್ಲಿ ನಿಲ್ಲಬೇಕು, ಹಳಬರ ಅಳುಕನ್ನೂ ಕೇಳಬೇಕು.